ಉಸಿರಿನ ನೊರೆ

ಎಂಟು ತಿಂಗಳ ಕೂಸಿಗಿಂತ ಏಳು ತಿಂಗಳ ಕೂಸು ಗಟ್ಟಿ ಎಂಬ ಮಾತನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಕೇಳದವರು ವಿರಳ. ಏಳಕ್ಕೆ ಹುಟ್ಟಿದ್ದು ಬದುಕುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯದು ಎಂದು ಮುದುಕಿಯರು ಬೆರಳು ಮಡಿಚಿ ಲೆಕ್ಕ ಹೇಳುತ್ತಾರೆ. ಈ ಮಾತು ನಮ್ಮ ಮನೆಯಲ್ಲಿ ಎರಡು ಸಲ ಪರೀಕ್ಷೆಗೆ ನಿಂತು ಎರಡು ಸಲವೂ ಗೆದ್ದಿತು. ನನ್ನ ಅಕ್ಕನ ಮೊದಲ ಮಗು ೨೦೧೬ರಲ್ಲಿ ಎಂಟನೆಯ ತಿಂಗಳು ಹಿಡಿದ ಕೆಲವೇ ದಿನಗಳಲ್ಲಿ ಹುಟ್ಟಿ, ಎರಡನೆಯ ದಿನ ಮಧ್ಯಾಹ್ನ ತೀರಿಕೊಂಡಿತು. ಎರಡನೆಯ ಮಗು ೨೦೨೨ರಲ್ಲಿ ಏಳು ತಿಂಗಳು ಪೂರ್ತಿ ತುಂಬುವ ಮೊದಲೇ ಹುಟ್ಟಿತು. ಅದು ಬದುಕಿ, ಈಗ ಅಂಗಳದಲ್ಲಿ ಕೋಳಿಗಳನ್ನು ಅಟ್ಟಿಸಿಕೊಂಡು ಓಡುತ್ತಿದೆ. “ನೋಡಿದೆಯಾ, ಹಿರಿಯರು ಸುಮ್ಮನೆ ಹೇಳಿದ್ದಲ್ಲ” ಎಂದು ನೆಂಟರೆಲ್ಲ ತಲೆದೂಗಿದರು.

ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ ಮತ್ತು ಅರ್ಥಶಾಸ್ತ್ರ ನನ್ನ ವಿಷಯಗಳು. ಶಿಶುವಿನ ಉಸಿರಾಟದ ವಿಷಯವಾಗಿ ಬರೆಯುವ ಅಧಿಕಾರ ನನಗೇನಿದೆ ಎಂದು ನಮ್ಮ ಅಧ್ಯಾಪಕರು ಕೇಳಿದರೆ ಉತ್ತರ ಕೊಡುವುದು ಕಷ್ಟ. ಆದರೆ ಕಣ್ಣಾರೆ ಕಂಡ ಎರಡು ಸಂಗತಿಗಳು ಸೇರಿ ಒಂದು ಸುಳ್ಳನ್ನು ನಿಜವೆಂದು ಸ್ಥಾಪಿಸುತ್ತಿರುವಾಗ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ವಿಜ್ಞಾನ ಓದುವ ಒಬ್ಬ ಮಿತ್ರನನ್ನೂ, ಎರಡನೆಯ ಮಗುವನ್ನು ನೋಡಿಕೊಂಡ ಮಕ್ಕಳ ವೈದ್ಯೆಯನ್ನೂ ಕಾಡಿ ಬೇಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು, ಅವರದ್ದಲ್ಲ.

ಮೊದಲ ಮಗುವನ್ನು ನಾನು ನೋಡಿದ್ದು ಅದು ಹುಟ್ಟಿ ನಾಲ್ಕು ಗಂಟೆಯಾದ ಮೇಲೆ. ಹುಟ್ಟಿದೊಡನೆ ಅತ್ತಿತ್ತಂತೆ, ಎಲ್ಲರೂ ಸಂತೋಷಪಟ್ಟಿದ್ದರು. ನಾನು ಹೋಗುವ ವೇಳೆಗೆ ಅದು ಅಳುತ್ತಿರಲಿಲ್ಲ, ನರಳುತ್ತಿತ್ತು. ಪ್ರತಿಯೊಂದು ಉಸಿರು ಬಿಡುವಾಗಲೂ ಗಂಟಲಿನಿಂದ “ಹ್ಞ, ಹ್ಞ” ಎಂಬ ಸಣ್ಣ ಶಬ್ದ. ಉಸಿರೆಳೆದಾಗ ಎದೆ ಉಬ್ಬುವುದಕ್ಕೆ ಬದಲಾಗಿ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಕೂಸು ಏನೋ ಹೇಳಲು ಯತ್ನಿಸುತ್ತಿದೆ ಎಂದು ನನ್ನ ತಾಯಿ ಅಂದುಕೊಂಡಿದ್ದಳು. ಮಾರನೆಯ ದಿನ ಆ ಶಬ್ದ ನಿಂತಿತು. ಅದಾದ ಮೇಲೆ ಕಾರಣಗಳನ್ನು ಹುಡುಕುವ ಕೆಲಸ ಸುರುವಾಯಿತು. ಎಂಟು ತಿಂಗಳದ್ದು, ಉಳಿಯುವಂತಿರಲಿಲ್ಲ ಎಂದರು ಕೆಲವರು. ಬಸುರಿ ಹೆಂಗಸು ಹಿಂದಿನ ವಾರ ಬಸ್ಸಿನಲ್ಲಿ ಜಾತ್ರೆಗೆ ಹೋಗಿ ಬಂದದ್ದೇ ಕಾರಣ ಎಂದರು ಇನ್ನು ಕೆಲವರು. ಈ ಎರಡನೆಯ ಮಾತು ಅಕ್ಕನ ಕಿವಿಗೂ ಬಿತ್ತು. ಅಂದಿನಿಂದ ಅವಳು ಜಾತ್ರೆಗೆ ಹೋಗಿಲ್ಲ.

ಆ ನರಳಿಕೆಗೆ ಅರ್ಥವಿದೆ. ಅದನ್ನು ತಿಳಿಯಬೇಕಾದರೆ ಮೊದಲು ಪುಪ್ಪುಸ, ಎಂದರೆ ಶ್ವಾಸಕೋಶ, ಹೇಗಿದೆ ಎಂಬುದನ್ನು ನೋಡಬೇಕು.

ಪುಪ್ಪುಸವೆಂದರೆ ಗಾಳಿ ತುಂಬುವ ಎರಡು ಚೀಲಗಳು ಎಂದು ನಾನು ಹೈಸ್ಕೂಲಿನಿಂದ ತಿಳಿದುಕೊಂಡಿದ್ದೆ. ಹಾಗಲ್ಲ. ಅದು ದ್ರಾಕ್ಷಿಯ ಗೊಂಚಲಿನ ಹಾಗೆ ಅಸಂಖ್ಯಾತ ಗಾಳಿಗೂಡುಗಳ ರಾಶಿ. ಬೆಳೆದ ಮನುಷ್ಯನಲ್ಲಿ ಮೂವತ್ತು ಕೋಟಿಗೂ ಮಿಕ್ಕಿ ಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ೭೦ ಚದರ ಮೀಟರಿಗೆ ಕಡಿಮೆಯಾಗದು. ನಮ್ಮ ಕಾಲೇಜಿನ ದೊಡ್ಡ ತರಗತಿಯ ನೆಲಕ್ಕೆ ಹಾಸಬಹುದಾದಷ್ಟು ಪೊರೆಯನ್ನು ಮಡಿಚಿ ಎದೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದೇವೆ. ಈ ಗೂಡುಗಳ ಗೋಡೆ ಒಳಗಡೆ ಒದ್ದೆಯಾಗಿದೆ. ಗಾಳಿಯಿಂದ ನೆತ್ತರಿಗೆ ಆಮ್ಲಜನಕ ಇಳಿಯುವುದು ಈ ಒದ್ದೆಯ ಮೂಲಕವೇ. ಆದರೆ ತೊಂದರೆಯಿರುವುದೂ ಅಲ್ಲಿಯೇ.

ನೀರಿನ ಮೇಲ್ಮೈ ಸದಾ ತನ್ನನ್ನು ತಾನು ಕುಗ್ಗಿಸಿಕೊಳ್ಳಲು ಹವಣಿಸುತ್ತದೆ. ಕೆಸುವಿನ ಎಲೆಯ ಮೇಲೆ ಹನಿ ಗುಂಡಾಗುವುದು, ಒದ್ದೆಯಾದ ಎರಡು ಕಾಗದಗಳು ಒಂದಕ್ಕೊಂದು ಅಂಟಿಕೊಳ್ಳುವುದು ಈ ಕಾರಣದಿಂದ. ಇದಕ್ಕೆ ಮೇಲ್ಮೈ ಎಳೆತವೆಂದು ಹೆಸರು. ಗುಳ್ಳೆಯ ಒಳಗೆ ಈ ಎಳೆತದಿಂದ ಎಷ್ಟು ಒತ್ತಡ ಹುಟ್ಟುತ್ತದೆ ಎಂಬುದನ್ನು ಫ್ರಾನ್ಸ್ ದೇಶದ ಲಾಪ್ಲಾಸ್ ಎಂಬ ಗಣಿತಜ್ಞ ಹತ್ತೊಂಬತ್ತನೆಯ ಶತಮಾನದ ಮೊದಲಲ್ಲೇ ಒಂದು ಸಣ್ಣ ಸೂತ್ರದಲ್ಲಿ ಹೇಳಿದ್ದಾನೆ: ಎಳೆತವನ್ನು ಎರಡರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ಗಣಿತಕ್ಕೆ ಹೆದರುವ ನನ್ನಂಥವರು ಕೂಡ ಇಲ್ಲಿ ಒಂದು ನಿಮಿಷ ನಿಲ್ಲಬೇಕೆಂದು ಬೇಡುತ್ತೇನೆ. ಏಕೆಂದರೆ ನನ್ನ ಅಕ್ಕನ ಮಗುವಿನ ಸಾವು ಈ ಭಾಗಾಕಾರದಲ್ಲಿದೆ.

ದೇಹದ ಬಿಸಿಯಲ್ಲಿ ಬರಿಯ ನೀರಿನ ಎಳೆತ ಸೆಂಟಿಮೀಟರಿಗೆ ಸುಮಾರು ೭೦ ಡೈನ್. ಗೂಡಿನ ತ್ರಿಜ್ಯ ಒಂದು ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು, ಎಂದರೆ ೦.೦೦೫ ಸೆಂಟಿಮೀಟರು, ಎಂದಿಟ್ಟುಕೊಳ್ಳೋಣ. ೭೦ನ್ನು ೨ರಿಂದ ಗುಣಿಸಿ ೦.೦೦೫ರಿಂದ ಭಾಗಿಸಿದರೆ ೨೮,೦೦೦ ಬರುತ್ತದೆ. ಇದು ೨೮ ಸೆಂಟಿಮೀಟರಿಗಿಂತ ತುಸು ಹೆಚ್ಚು ಎತ್ತರದ ನೀರಿನ ಕಂಬದ ಒತ್ತಡ. ಗೂಡು ತೆರೆದಿರಬೇಕಾದರೆ ಇಷ್ಟು ಒತ್ತಡವನ್ನು ಎದುರಿಸಿ ನಿಲ್ಲಬೇಕು. ಆರೋಗ್ಯವಂತ ಶಿಶು ಮೆಲ್ಲಗೆ ಉಸಿರೆಳೆಯಲು ಬಳಸುವುದು ಕೆಲವೇ ಸೆಂಟಿಮೀಟರಿನ ಒತ್ತಡ. ಇನ್ನೂ ಕೆಟ್ಟ ಸಂಗತಿಯೆಂದರೆ, ಉಸಿರು ಬಿಟ್ಟಾಗ ಗೂಡು ಕುಗ್ಗಿ ತ್ರಿಜ್ಯ ಅರ್ಧವಾದರೆ ಒತ್ತಡ ಇಮ್ಮಡಿಯಾಗುತ್ತದೆ. ೨೮ ಇದ್ದದ್ದು ೫೬ನ್ನು ದಾಟುತ್ತದೆ. ಸಣ್ಣದಾದಷ್ಟೂ ಇನ್ನಷ್ಟು ಸಣ್ಣದಾಗಬೇಕೆಂಬ ಒತ್ತಾಯ. ಕೊನೆಗೆ ಗೂಡು ಪೂರ್ತಿ ಮುಚ್ಚಿಹೋಗುತ್ತದೆ. ಮುಚ್ಚಿ ಅಂಟಿಕೊಂಡ ಒದ್ದೆ ಗೂಡನ್ನು ಮುಂದಿನ ಉಸಿರಿನಲ್ಲಿ ಮತ್ತೆ ಬಿಡಿಸಬೇಕು. ನಮಗೆಲ್ಲ ಹುಟ್ಟಿದಾಗಿನ ಮೊದಲ ಉಸಿರು ಮಾತ್ರ ಕಷ್ಟದ್ದು. ಆ ಕೂಸಿಗೆ ನಿಮಿಷಕ್ಕೆ ಅರವತ್ತು ಎಪ್ಪತ್ತು ಮೊದಲ ಉಸಿರುಗಳು.

ಹಾಗಾದರೆ ನಾವು ಹೇಗೆ ಬದುಕಿದ್ದೇವೆ? ನಮ್ಮ ಗೂಡುಗಳ ಒಳಗೋಡೆಗೆ ಒಂದು ತೆಳ್ಳನೆಯ ಸ್ನಿಗ್ಧ ಲೇಪವಿದೆ. ಅದೇ ಸರ್ಫ್ಯಾಕ್ಟಂಟ್. ಗೂಡಿನ ಗೋಡೆಯಲ್ಲಿ ಅಲ್ಲಲ್ಲಿ ಇರುವ ಒಂದು ಜಾತಿಯ ಜೀವಕಣಗಳು ಇದನ್ನು ಒಸರುತ್ತವೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಕೊಬ್ಬಿನ ಜಾತಿಯ ವಸ್ತು, ಹತ್ತು ಪಾಲು ಪ್ರೋಟೀನು. ಆ ಕೊಬ್ಬಿನಲ್ಲಿ ಮುಖ್ಯವಾದುದಕ್ಕೆ ಡೈಪಾಮಿಟಾಯಿಲ್ ಫಾಸ್ಫಟಿಡಿಲ್‌ಕೋಲಿನ್ ಎಂದು ಹೆಸರು. ಒಂದು ಸಲ ಹೇಳಿ ಮುಗಿಸಿದ್ದೇನೆ, ಇನ್ನು ಹೇಳುವುದಿಲ್ಲ. ಅದರ ಅಣುವಿಗೆ ನೀರನ್ನು ಬಯಸುವ ಒಂದು ತಲೆ, ನೀರನ್ನು ಒಲ್ಲದ ಎರಡು ಬಾಲ. ತಲೆಯನ್ನು ನೀರಿನಲ್ಲಿಟ್ಟು ಬಾಲವನ್ನು ಗಾಳಿಗೆ ಚಾಚಿ ಅವು ಸಾಲಾಗಿ ನಿಂತಾಗ ನೀರಿನ ಎಳೆತ ಸಡಿಲುತ್ತದೆ.

ನಮ್ಮ ಮನೆಗಳಲ್ಲಿ ಅಂಟುವಾಳದ ಕಾಯಿಯನ್ನು ನೆನೆಹಾಕಿ ಕಿವುಚಿದರೆ ನೊರೆಯೇಳುವುದಷ್ಟೆ. ಅದೂ ಇದೇ ಬಗೆಯ ಕೆಲಸ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಸೋಪು ಎಳೆತವನ್ನು ಒಂದು ಮಟ್ಟಕ್ಕೆ ಇಳಿಸಿ ಅಲ್ಲೇ ಬಿಡುತ್ತದೆ. ಪುಪ್ಪುಸದ ಲೇಪವಾದರೋ, ಗೂಡು ಕುಗ್ಗಿದಂತೆಲ್ಲ ಅಣುಗಳು ಜಾತ್ರೆಯ ಜನದಂತೆ ಒತ್ತೊತ್ತಾಗಿ ನಿಂತು ಎಳೆತವನ್ನು ಸೊನ್ನೆಯ ಸಮೀಪಕ್ಕೆ ತರುತ್ತದೆ. ಗೂಡು ಸಣ್ಣದಾಗಿ ಅಪಾಯ ಹೆಚ್ಚಿದ ಗಳಿಗೆಯಲ್ಲೇ ರಕ್ಷಣೆಯೂ ಹೆಚ್ಚುತ್ತದೆ. ೭೦ರ ಬದಲು ೫ ಡೈನ್ ಎಂದು ಹಿಡಿದು ಮೇಲಿನ ಲೆಕ್ಕವನ್ನು ಮತ್ತೆ ಮಾಡಿ ನೋಡಿ: ೨೮ ಸೆಂಟಿಮೀಟರಿನ ಜಾಗದಲ್ಲಿ ೨ ಸೆಂಟಿಮೀಟರು ಬರುತ್ತದೆ.

ಗರ್ಭದಲ್ಲಿರುವ ಶಿಶುವಿಗೆ ಉಸಿರಾಟದ ಕೆಲಸವಿಲ್ಲ; ಆದ್ದರಿಂದ ಈ ಲೇಪಕ್ಕೆ ಅವಸರವೂ ಇಲ್ಲ. ಸುಮಾರು ೨೪ನೆಯ ವಾರದಲ್ಲಿ ಜೀವಕಣಗಳು ಇದನ್ನು ತಯಾರಿಸಲು ತೊಡಗುತ್ತವೆ. ಸಾಕಷ್ಟು ಸಂಗ್ರಹವಾಗುವುದು ೩೪–೩೫ನೆಯ ವಾರದ ಹೊತ್ತಿಗೆ. ಇದನ್ನು ತಿಳಿದ ಮೇಲೆ ಗಾದೆಯ ಗತಿಯೇನು? ಒಂದೊಂದು ವಾರ ಕಳೆದಂತೆ ಲೇಪ ಹೆಚ್ಚುತ್ತಲೇ ಹೋಗುತ್ತದೆ. ಎಂಟನೆಯ ತಿಂಗಳ ಕೂಸು ಏಳನೆಯದಕ್ಕಿಂತ ಎಲ್ಲ ರೀತಿಯಲ್ಲೂ ಬಲವಾದುದೇ ಹೊರತು ದುರ್ಬಲವಲ್ಲ. ಈ ತಪ್ಪು ನಂಬಿಕೆ ನಮ್ಮ ದೇಶದ್ದು ಮಾತ್ರವೂ ಅಲ್ಲ. ಪ್ರಾಚೀನ ಗ್ರೀಸಿನ ಹಿಪ್ಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವಿನ ವಿಷಯವಾಗಿಯೇ ಒಂದು ಪ್ರಬಂಧವಿದೆ. ಹುಟ್ಟಿದ್ದು ಹೇಗೋ ನಾನರಿಯೆ. ಮದುವೆಯಾದ ಏಳನೆಯ ತಿಂಗಳಿಗೆ ಸರಿಯಾಗಿ ದುಂಡುದುಂಡಾಗಿ ಹುಟ್ಟಿದ ಕೆಲವು ಕೂಸುಗಳು ಈ ಗಾದೆಗೆ ಬಲ ಕೊಟ್ಟಿರಬಹುದೆಂದು ನನ್ನ ಮಿತ್ರ ಹೇಳುತ್ತಾನೆ. ಅವನ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ.

ಇನ್ನು ಈ ಲೇಪವನ್ನು ಕಂಡುಹಿಡಿದ ಕಥೆ. ಇತಿಹಾಸದ ವಿದ್ಯಾರ್ಥಿಯಾದ್ದರಿಂದ ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಂತರೆ ವಾಚಕರು ಮನ್ನಿಸಬೇಕು.

೧೯೨೯ರಲ್ಲಿಯೇ ಸ್ವಿಟ್ಸರ್ಲೆಂಡಿನಲ್ಲಿ ಕೆಲಸಮಾಡುತ್ತಿದ್ದ ಕುರ್ಟ್ ಫಾನ್ ನೀರ್‌ಗಾರ್ಡ್ ಎಂಬಾತ ಹಂದಿಯ ಪುಪ್ಪುಸಕ್ಕೆ ಒಮ್ಮೆ ಗಾಳಿಯನ್ನೂ ಒಮ್ಮೆ ದ್ರವವನ್ನೂ ತುಂಬಿ ನೋಡಿದ. ದ್ರವ ತುಂಬಲು ಬೇಕಾದ ಒತ್ತಡ ಬಹಳ ಕಡಿಮೆ. ದ್ರವ ತುಂಬಿದಾಗ ಗಾಳಿ–ನೀರಿನ ಗಡಿಯೇ ಇರುವುದಿಲ್ಲವಷ್ಟೆ. ಆದ್ದರಿಂದ ಪುಪ್ಪುಸ ಕುಗ್ಗುವುದರಲ್ಲಿ ದೊಡ್ಡ ಪಾಲು ಮೇಲ್ಮೈ ಎಳೆತದ್ದೆಂದು ಆತ ತರ್ಕಿಸಿದ. ನವಜಾತ ಶಿಶುವಿನ ಮೊದಲ ಉಸಿರಿಗೆ ಇದು ಅಡ್ಡಿಯಾಗಬಹುದೆಂದೂ ಸೂಚಿಸಿದ. ಕಾಲು ಶತಮಾನ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಮತ್ತೆ ಈ ವಿಷಯವೆದ್ದದ್ದು ವಿಷಾನಿಲದ ಪ್ರಯೋಗಶಾಲೆಗಳಲ್ಲಿ. ವಿಚಿತ್ರವಾದರೂ ನಿಜ. ಇಂಗ್ಲೆಂಡಿನ ಪೋರ್ಟನ್ ಎಂಬಲ್ಲಿ ರಿಚರ್ಡ್ ಪ್ಯಾಟಲ್, ಅಮೆರಿಕದ ಮೇರಿಲೆಂಡಿನ ಎಡ್ಜ್‌ವುಡ್ ಎಂಬಲ್ಲಿ ಜಾನ್ ಕ್ಲೆಮೆಂಟ್ಸ್, ಇಬ್ಬರೂ ರಾಸಾಯನಿಕ ಯುದ್ಧಕ್ಕೆ ಸಂಬಂಧಪಟ್ಟ ಸರ್ಕಾರಿ ಸಂಸ್ಥೆಗಳಲ್ಲಿದ್ದವರು. ಪುಪ್ಪುಸದಿಂದ ಬರುವ ನೊರೆಯ ಗುಳ್ಳೆಗಳು ಎಷ್ಟು ಹೊತ್ತಾದರೂ ಒಡೆಯದೆ ಕುಗ್ಗದೆ ಉಳಿಯುವುದನ್ನು ಪ್ಯಾಟಲ್ ಗಮನಿಸಿದ. ಲಾಪ್ಲಾಸನ ಸೂತ್ರದ ಪ್ರಕಾರ ಅಷ್ಟು ಸಣ್ಣ ಗುಳ್ಳೆ ಉಳಿಯಬೇಕಾದರೆ ಅದರ ಎಳೆತ ಸೊನ್ನೆಯ ಸಮೀಪದಲ್ಲಿರಬೇಕು. ಇದನ್ನು ಆತ ೧೯೫೫ರಲ್ಲಿ ಪ್ರಕಟಿಸಿದ. ಕ್ಲೆಮೆಂಟ್ಸ್ ೧೯೫೭ರಲ್ಲಿ ಒಂದು ಸೂಕ್ಷ್ಮ ತಕ್ಕಡಿಯಿಂದ ಅದನ್ನು ಅಳೆದು ತೋರಿಸಿದ: ಪುಪ್ಪುಸದ ಸಾರವನ್ನು ತೊಟ್ಟಿಯಲ್ಲಿ ಹರಡಿ ಅದರ ಮೇಲ್ಮೈಯನ್ನು ಕುಗ್ಗಿಸಿದರೆ ಎಳೆತ ಇಳಿಯುತ್ತದೆ, ಹಿಗ್ಗಿಸಿದರೆ ಏರುತ್ತದೆ. ಕೊಲ್ಲುವ ಅನಿಲದ ಮನೆಯಿಂದ ಕೂಸುಗಳ ಉಸಿರಿನ ಬೀಗದ ಕೈ ಹೊರಬಂತು.

ಆದರೆ ಬೀಗ ಯಾವುದೆಂದು ಆ ಇಬ್ಬರಿಗೂ ಖಚಿತವಾಗಿ ತಿಳಿದಿರಲಿಲ್ಲ. ಅದನ್ನು ತೋರಿಸಿದವರು ಮೇರಿ ಎಲೆನ್ ಏವರಿ ಎಂಬ ಮಕ್ಕಳ ವೈದ್ಯೆ. ೧೯೫೨ರಲ್ಲಿ ವೈದ್ಯಪದವಿ ಪಡೆದ ಸ್ವಲ್ಪ ಕಾಲದಲ್ಲಿಯೇ ಆಕೆಗೆ ಕ್ಷಯ ತಗುಲಿತು. ಪುಪ್ಪುಸದ ವಿಷಯದಲ್ಲಿ ಆಕೆಗೆ ಆಸಕ್ತಿ ಬೆಳೆದದ್ದು ಹಾಗೆ. ಅಕಾಲದಲ್ಲಿ ಹುಟ್ಟಿ ಉಸಿರುಕಟ್ಟಿ ಸತ್ತ ಶಿಶುಗಳ ಪುಪ್ಪುಸವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿದಾರಿಗಳಲ್ಲಿ ಗಾಜಿನಂತೆ ಹೊಳೆಯುವ ಒಂದು ಪೊರೆ ಕಾಣುತ್ತಿತ್ತು. ಅದರಿಂದ ಆ ರೋಗಕ್ಕೆ ಗಾಜುಪೊರೆಯ ರೋಗವೆಂದೇ ಹೆಸರು ಬಂದಿತ್ತು. ಪಂಡಿತರೆಲ್ಲರೂ ಆ ಪೊರೆಯ ಹಿಂದೆ ಬಿದ್ದಿದ್ದರು: ಅದು ಎಲ್ಲಿಂದ ಬಂತು? ಶಿಶು ಗರ್ಭಜಲವನ್ನು ಸೇದಿತೇ? ಹಾಲು ಹೋಯಿತೇ? ಅದನ್ನು ಕರಗಿಸುವುದು ಹೇಗೆ?

ಏವರಿ ಬೇರೊಂದನ್ನು ಗಮನಿಸಿದರು. ಬೇರೆ ಕಾರಣಗಳಿಂದ ಸತ್ತ ಶಿಶುಗಳ ಪುಪ್ಪುಸದಲ್ಲಿ ನೊರೆಯಿರುತ್ತದೆ. ಈ ಶಿಶುಗಳ ಪುಪ್ಪುಸದಲ್ಲಿ ನೊರೆಯೇ ಇಲ್ಲ. ಇರುವುದನ್ನು ಎಲ್ಲರೂ ನೋಡುತ್ತಿದ್ದಾಗ ಇಲ್ಲದಿರುವುದು ಆಕೆಯ ಕಣ್ಣಿಗೆ ಬಿತ್ತು. ಬಾಸ್ಟನ್ನಿನಲ್ಲಿ ಜೆರಿ ಮೀಡ್ ಎಂಬ ವಿಜ್ಞಾನಿಯೊಡನೆ ಕೆಲಸ ಮಾಡುತ್ತಿದ್ದ ಆಕೆ ಕ್ಲೆಮೆಂಟ್ಸ್ ಅವರನ್ನು ಕಂಡು ತಕ್ಕಡಿಯ ಮರ್ಮವನ್ನು ತಿಳಿದು ಬಂದು, ಸತ್ತ ಶಿಶುಗಳ ಪುಪ್ಪುಸದ ಸಾರವನ್ನು ಅಳೆದರು. ಈ ರೋಗದಿಂದ ಸತ್ತವುಗಳಲ್ಲಿ ಎಳೆತ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ೧೯೫೯ರಲ್ಲಿ ಏವರಿ ಮತ್ತು ಮೀಡ್ ಇದನ್ನು ಪ್ರಕಟಿಸಿದರು. ಪೊರೆ ರೋಗದ ಕಾರಣವಲ್ಲ, ಫಲ. ಗೂಡುಗಳು ಮುಚ್ಚಿ ತೆರೆದು ಹರಿದು ಗಾಯವಾದ ಮೇಲೆ ನೆತ್ತರಿನಿಂದ ಸೋರಿದ ವಸ್ತು ಮತ್ತು ಸತ್ತ ಜೀವಕಣಗಳು ಹೆಪ್ಪುಗಟ್ಟಿ ಆದದ್ದು. ಕಾರಣವೆಂದರೆ ಒಂದು ಕೊರತೆ. ಇರುವ ವಸ್ತುವನ್ನು ಕಂಡುಹಿಡಿಯುವುದಕ್ಕಿಂತ ಕೊರತೆಯನ್ನು ಕಂಡುಹಿಡಿಯುವುದು ಹೆಚ್ಚಿನ ಬುದ್ಧಿಯ ಕೆಲಸವೆಂದು ನನಗೆ ತೋರುತ್ತದೆ. ಇಲ್ಲದ್ದು ಕಣ್ಣಿಗೆ ತಾನಾಗಿ ಬೀಳುವುದಿಲ್ಲ.

ಕಾರಣ ತಿಳಿದ ಮಾತ್ರಕ್ಕೆ ಮದ್ದು ಕೈಗೆ ಬರಲಿಲ್ಲ. ನಾಲ್ಕು ವರ್ಷಗಳ ಮೇಲೆ, ೧೯೬೩ರ ಆಗಸ್ಟ್ ೭ರಂದು, ಅಮೆರಿಕದ ಅಧ್ಯಕ್ಷ ಕೆನೆಡಿಯವರಿಗೆ ಐದೂವರೆ ವಾರ ಮೊದಲೇ ಒಂದು ಗಂಡು ಮಗು ಹುಟ್ಟಿತು. ತೂಕ ಎರಡು ಕಿಲೋಗ್ರಾಮಿಗೂ ಸ್ವಲ್ಪ ಹೆಚ್ಚು. ನಮ್ಮ ಎರಡನೆಯ ಕೂಸಿಗಿಂತ ಮುಕ್ಕಾಲು ಪಾಲು ಹೆಚ್ಚು. ಆ ಮಗುವನ್ನು ಏವರಿಯವರು ಸಂಶೋಧನೆ ನಡೆಸಿದ ಬಾಸ್ಟನ್ ನಗರಕ್ಕೇ ಒಯ್ದು, ಒತ್ತಡದ ಆಮ್ಲಜನಕ ತುಂಬಿದ ಉಕ್ಕಿನ ಕೋಣೆಯಲ್ಲಿಟ್ಟರು. ೩೯ ಗಂಟೆ ಬದುಕಿ ತೀರಿಕೊಂಡಿತು. ಹೊರಗೆ ಆಮ್ಲಜನಕದ ಕೊರತೆಯಿರಲಿಲ್ಲ. ಒಳಗೆ ಬಾಗಿಲುಗಳು ಮುಚ್ಚಿದ್ದವು. ಪ್ರಪಂಚದ ಅತ್ಯಂತ ಬಲಿಷ್ಠನ ಮಗುವೂ ನಮ್ಮ ಮಗುವಿನಂತೆಯೇ ಎರಡನೆಯ ದಿನವನ್ನು ದಾಟಲಿಲ್ಲವೆಂಬುದನ್ನು ಓದಿದಾಗ ನನಗೆ ಸಮಾಧಾನವಾಗಲಿಲ್ಲ. ನಮ್ಮ ಮಗು ಹುಟ್ಟಿದ್ದು ಐವತ್ತಮೂರು ವರ್ಷಗಳ ತರುವಾಯ.

ಅರವತ್ತರ ದಶಕದಲ್ಲಿ ಮಾಂಟ್ರಿಯಲ್‌ನಲ್ಲೂ ಸಿಂಗಪುರದಲ್ಲೂ ವೈದ್ಯರು ಆ ಉದ್ದ ಹೆಸರಿನ ಕೊಬ್ಬನ್ನು ಮಾತ್ರ ತುಂತುರಾಗಿ ಶಿಶುಗಳಿಗೆ ಕೊಟ್ಟು ನೋಡಿದರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಕೊಬ್ಬು ಒಂದೇ ಇದ್ದರೆ ಗೋಡೆಯ ಮೇಲೆ ಬೇಗ ಹರಡುವುದಿಲ್ಲ. ಅದನ್ನು ಹರಡಿಸುವುದು ಲೇಪದಲ್ಲಿರುವ ಚೂರು ಪ್ರೋಟೀನಿನ ಕೆಲಸವೆಂಬುದು ಆಗ ತಿಳಿದಿರಲಿಲ್ಲ. ಹೀಗಾಗಿ ಮೂಲ ಊಹೆಯ ಮೇಲೆಯೇ ಹಲವರಿಗೆ ಸಂದೇಹ ಬಂತು.

ಇಷ್ಟರ ಮಧ್ಯೆ ಆ ನರಳಿಕೆಯ ಅರ್ಥ ತಿಳಿಯಿತು. ೧೯೬೮ರಲ್ಲಿ ಕೇಪ್‌ಟೌನಿನ ವೈದ್ಯರು, ನರಳುವ ಶಿಶುವಿನ ಗಂಟಲಿಗೆ ಕೊಳವೆ ಹಾಕಿ ನರಳಿಕೆಯನ್ನು ನಿಲ್ಲಿಸಿದರೆ ನೆತ್ತರಿನಲ್ಲಿ ಆಮ್ಲಜನಕ ಕಡಿಮೆಯಾಗುವುದನ್ನು ತೋರಿಸಿದರು. ಶಿಶು ಉಸಿರು ಬಿಡುವಾಗ ಗಂಟಲನ್ನು ಅರ್ಧ ಮುಚ್ಚಿ, ಗಾಳಿ ಪೂರ್ತಿ ಹೊರಹೋಗದಂತೆ ತಡೆದು, ಗೂಡುಗಳು ಮುಚ್ಚದಂತೆ ಕಾಯುತ್ತಿರುತ್ತದೆ. ಆ “ಹ್ಞ” ನೋವಿನ ಶಬ್ದವಲ್ಲ. ಆ ಕೂಸು ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತಿತ್ತು. ಇದನ್ನು ತಿಳಿದ ದಿನ ನಾನು ಪುಸ್ತಕ ಮುಚ್ಚಿ ಎದ್ದುಹೋದೆ. ೧೯೭೧ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಇದನ್ನೇ ಯಂತ್ರದಿಂದ ಮಾಡಿಸುವ ಕ್ರಮವನ್ನು ಪ್ರಕಟಿಸಿದರು: ಉಸಿರಾಟದ ಉದ್ದಕ್ಕೂ ಗಾಳಿದಾರಿಯಲ್ಲಿ ಸಣ್ಣ ಒತ್ತಡವನ್ನು ನಿಲ್ಲಿಸುವುದು. ಇದನ್ನು ಸಿಪ್ಯಾಪ್ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ನಾನು ಕಂಡದ್ದು ಇದರ ಸರಳ ರೂಪ. ಮೂಗಿನಿಂದ ಬಂದ ಕೊಳವೆಯ ಇನ್ನೊಂದು ತುದಿಯನ್ನು ನೀರಿನ ಶೀಸೆಯಲ್ಲಿ ಐದು ಸೆಂಟಿಮೀಟರು ಮುಳುಗಿಸಿಟ್ಟಿದ್ದರು. ಗಾಳಿ ಗುಳುಗುಳು ಎನ್ನುತ್ತ ಹೊರಬರಬೇಕಾದರೆ ಅಷ್ಟು ನೀರನ್ನು ತಳ್ಳಿಕೊಂಡು ಬರಬೇಕು. ಅಷ್ಟೇ ಒತ್ತಡ ಕೂಸಿನ ಎದೆಯಲ್ಲಿ ನಿಲ್ಲುತ್ತದೆ.

ಇನ್ನೊಂದು ಉಪಾಯ ನ್ಯೂಜಿಲೆಂಡಿನ ಕುರಿಗಳಿಂದ ಬಂತು. ಹೆರಿಗೆಯನ್ನು ಆರಂಭಿಸುವುದು ಯಾವುದೆಂದು ಶೋಧಿಸುತ್ತಿದ್ದ ಲಿಗಿನ್ಸ್ ಎಂಬವರು ಗರ್ಭದ ಕುರಿಮರಿಗಳಿಗೆ ಸ್ಟೀರಾಯ್ಡ್ ಜಾತಿಯ ಔಷಧವನ್ನು ಕೊಡುತ್ತಿದ್ದರು. ಅಷ್ಟು ಮುಂಚೆ ಹುಟ್ಟಿದ ಒಂದು ಮರಿ ಸತ್ತಿರಬೇಕಾಗಿತ್ತು; ಉಸಿರಾಡುತ್ತಿತ್ತು. ಔಷಧ ಪುಪ್ಪುಸವನ್ನು ಬೇಗ ಪಕ್ವಗೊಳಿಸಿತ್ತು. ೧೯೭೨ರಲ್ಲಿ ಲಿಗಿನ್ಸ್ ಮತ್ತು ಹೋವಿ ಇದನ್ನು ತಾಯಂದಿರಿಗೆ ಕೊಟ್ಟು ಶಿಶುಗಳಲ್ಲಿ ಫಲ ಕಂಡರು. ಅಕಾಲದ ಹೆರಿಗೆಯ ಸೂಚನೆ ಕಂಡಾಗ ತಾಯಿಗೆ ಕೊಡುವ ಈ ಚುಚ್ಚುಮದ್ದು ಬಹಳ ಅಗ್ಗದ್ದು.

ಲೇಪವನ್ನೇ ಹೊರಗಿನಿಂದ ಕೊಡುವ ಆಸೆಯನ್ನು ಸ್ವೀಡನ್ನಿನ ಎನ್‌ಹೋರ್ನಿಂಗ್ ಮತ್ತು ರಾಬರ್ಟ್‌ಸನ್ ಬಿಡಲಿಲ್ಲ. ಅವರು ೧೯೭೨ರಲ್ಲಿ, ಅವಧಿಗೆ ಮೊದಲು ಹುಟ್ಟಿದ ಮೊಲದ ಮರಿಗಳ ಶ್ವಾಸನಾಳಕ್ಕೆ ಬೆಳೆದ ಮೊಲದ ಲೇಪವನ್ನು ಹಾಕಿ ಪುಪ್ಪುಸ ಅರಳುವುದನ್ನು ತೋರಿಸಿದರು. ಕೊನೆಗೆ ೧೯೮೦ರಲ್ಲಿ ಜಪಾನಿನ ಅಕಿತದ ತೆತ್ಸುರೋ ಫುಜಿವಾರಾ ಹಸುವಿನ ಪುಪ್ಪುಸದಿಂದ ತೆಗೆದ ಲೇಪಕ್ಕೆ ಕೆಲವು ಕೊಬ್ಬುಗಳನ್ನು ಸೇರಿಸಿ ಹತ್ತು ಶಿಶುಗಳಿಗೆ ಕೊಟ್ಟ ವರದಿ ಬಂತು. ಲೇಪ ಕೊಟ್ಟ ಮೇಲೆ ಶಿಶುಗಳ ಉಸಿರಾಟ ಸುಧಾರಿಸಿ ಆಮ್ಲಜನಕದ ಅಗತ್ಯ ಇಳಿದಿತ್ತು. ಏವರಿಯ ಲೇಖನಕ್ಕೂ ಇದಕ್ಕೂ ಇಪ್ಪತ್ತೊಂದು ವರ್ಷಗಳ ಅಂತರ. ೧೯೯೦ರಲ್ಲಿ ಅಮೆರಿಕದಲ್ಲಿ ಮೊದಲ ಸರ್ಫ್ಯಾಕ್ಟಂಟಿಗೆ ಅನುಮತಿ ದೊರೆಯಿತು. ಅದು ಕ್ಲೆಮೆಂಟ್ಸ್ ಅವರೇ ರೂಪಿಸಿದ ಕೃತಕ ವಸ್ತು. ಈಗ ಹೆಚ್ಚಾಗಿ ಬಳಸುವುದು ಹಸು ಅಥವಾ ಹಂದಿಯ ಪುಪ್ಪುಸದಿಂದ ತೆಗೆದದ್ದನ್ನು.

ಇನ್ನು ೨೦೨೨ರ ನಮ್ಮ ಮಾತು. ಅಕ್ಕನಿಗೆ ೨೯ನೆಯ ವಾರದಲ್ಲಿ ನೋವು ಕಾಣಿಸಿತು. ಈ ಸಲ ಮೊದಲು ನೋಡಿದ ವೈದ್ಯರು ತಡಮಾಡದೆ ಡೆಕ್ಸಾಮೆಥಸೋನ್ ಚುಚ್ಚುಮದ್ದನ್ನು ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಸಲ ಕೊಡಬೇಕಾದ ಮದ್ದು; ನಾಲ್ಕೂ ಮುಗಿದ ಮೇಲೆಯೇ ಹೆರಿಗೆಯಾಯಿತು. ಮೊದಲ ಮಗುವಿನ ಸಲ ಅಕ್ಕ ಒಂದು ಹಗಲು ಒಂದು ರಾತ್ರಿ ನೋವಿನಲ್ಲಿಯೇ ಆಸ್ಪತ್ರೆಯಲ್ಲಿದ್ದಳು. ಆಗ ಈ ಮದ್ದಿನ ಮಾತನ್ನು ಯಾರೂ ಎತ್ತಿರಲಿಲ್ಲ. ಅದು ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ.

ಮಗುವಿನ ತೂಕ ೧.೨ ಕಿಲೋಗ್ರಾಂ. ಅದೂ ನರಳಿತು. ಶಬ್ದ ಕೇಳಿದೊಡನೆ ನನ್ನ ತಾಯಿ ಗೋಡೆ ಹಿಡಿದು ಕುಳಿತುಬಿಟ್ಟಳು. ಕೂಡಲೇ ಸಿಪ್ಯಾಪ್ ಹಾಕಿದರು. ಆದರೂ ಕೂಸಿಗೆ ನೂರಕ್ಕೆ ನಲವತ್ತರಷ್ಟು ಆಮ್ಲಜನಕ ಬೇಕಾಗಿತ್ತು. ನಾವು ಉಸಿರಾಡುವ ಗಾಳಿಯಲ್ಲಿರುವುದು ಇಪ್ಪತ್ತೊಂದು. ಸರ್ಫ್ಯಾಕ್ಟಂಟ್ ಕೊಡಬೇಕೆಂದು ವೈದ್ಯೆ ಹೇಳಿದರು. ಆ ರಾತ್ರಿ ಅಲ್ಲಿ ದಾಸ್ತಾನು ಮುಗಿದಿತ್ತು. ಅಕ್ಕನ ಗಂಡ ಹಣ ಹೊಂದಿಸಲು ಓಡಿದರು. ನಾನು ಮಿತ್ರನ ಮೋಟಾರ್ ಸೈಕಲ್ಲಿನ ಹಿಂದೆ ಮಂಜುಗಡ್ಡೆಯ ಡಬ್ಬಿ ಹಿಡಿದು ಕುಳಿತು ಊರಿನ ಇನ್ನೊಂದು ಕೊನೆಯಿಂದ ತಂದೆ. ಅದನ್ನು ೨ರಿಂದ ೮ ಡಿಗ್ರಿಯ ತಂಪಿನಲ್ಲಿಡಬೇಕು. ಇದು ಹಸುವಿನ ಪುಪ್ಪುಸದ್ದು, ನಿಮ್ಮ ಅಭ್ಯಂತರವಿದೆಯೇ ಎಂದು ವೈದ್ಯೆ ಮೊದಲೇ ಕೇಳಿದ್ದರು. ನಾವು ಮುಖಮುಖ ನೋಡಿಕೊಂಡೆವು. “ಕೂಸು ಉಸಿರಾಡಲಿ” ಎಂದಳು ಅಜ್ಜಿ. ಅಷ್ಟೇ ಚರ್ಚೆ.

ಶೀಸೆಯಲ್ಲಿದ್ದುದು ಬಿಳಿಯ, ತೆಳು ಮಜ್ಜಿಗೆಯಂಥ ದ್ರವ. ದಾದಿ ಅದನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿದಳು. ಕಿಲೋಗ್ರಾಮಿಗೆ ೪ ಮಿಲಿಲೀಟರಿನ ಲೆಕ್ಕದಲ್ಲಿ ೪.೮ ಮಿಲಿಲೀಟರು, ಒಂದು ಚಮಚಕ್ಕೂ ಸ್ವಲ್ಪ ಕಡಿಮೆ. ಗಂಟಲಿನ ಸ್ವರತಂತುಗಳ ಕೆಳಗೆ ಎಳೆಯಂಥ ಕೊಳವೆಯನ್ನು ಇಳಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿದರಂತೆ; ಆಗ ನಮ್ಮನ್ನು ಹೊರಗೆ ಕಳುಹಿಸಿದ್ದರು. ಒಂದು ಗಂಟೆಯ ಮೇಲೆ ಗಾಜಿನಾಚೆಯಿಂದ ನೋಡಲು ಬಿಟ್ಟರು. ನಲವತ್ತಿದ್ದ ಅಂಕೆ ಮೂವತ್ತಕ್ಕೆ ಇಳಿದಿತ್ತು. ಬೆಳಗಿನ ಜಾವಕ್ಕೆ ಇಪ್ಪತ್ತೈದು. ಪಕ್ಕೆಯ ಚರ್ಮ ಒಳಕ್ಕೆ ಸೇದಿಕೊಳ್ಳುವುದು ಕಡಿಮೆಯಾಗಿತ್ತು. ನರಳಿಕೆ ನಿಂತಿತ್ತು, ಈ ಸಲ ನಿಂತದ್ದು ಬೇರೆ ಕಾರಣಕ್ಕೆ.

ಒಂದು ಚಮಚದಿಂದ ಎಲ್ಲವೂ ಮುಗಿಯಿತೆಂದು ಯಾರೂ ತಿಳಿಯಬಾರದು. ಆ ಮೇಲೆ ಆರು ವಾರ ಸೋಂಕಿನ ಭಯ, ಹಾಲು ಅರಗದ ಭಯ, ಕಣ್ಣಿನ ಪರೀಕ್ಷೆ. ಆಮ್ಲಜನಕ ಅತಿಯಾದರೂ ಕೇಡು. ೧೯೪೦ರ ದಶಕದಲ್ಲಿ ಧಾರಾಳವಾಗಿ ಆಮ್ಲಜನಕ ಕೊಟ್ಟು ಉಳಿಸಿದ ಸಾವಿರಾರು ಶಿಶುಗಳು ಕುರುಡಾದವು, ಐವತ್ತರ ದಶಕದಲ್ಲಿ ಅದರ ಕಾರಣ ತಿಳಿಯಿತು. ಅಗ್ಗದ ಚುಚ್ಚುಮದ್ದಿಗೂ ಇಂಥದೇ ಎಚ್ಚರಿಕೆ ಬೇಕು. ೨೦೧೫ರಲ್ಲಿ ಪ್ರಕಟವಾದ, ನಮ್ಮ ಬೆಳಗಾವಿಯೂ ಸೇರಿದಂತೆ ಆರು ದೇಶಗಳಲ್ಲಿ ನಡೆದ ಒಂದು ಪರೀಕ್ಷೆಯಲ್ಲಿ, ಹಳ್ಳಿಗಳ ಮಟ್ಟದಲ್ಲಿ ಇದನ್ನು ವ್ಯಾಪಕವಾಗಿ ಕೊಟ್ಟಾಗ ಒಟ್ಟು ಶಿಶುಮರಣ ಕಡಿಮೆಯಾಗಲಿಲ್ಲ, 늘ೆಗೆ ಬದಲು ಏರಿತು. ತಿಂಗಳ ಲೆಕ್ಕ ತಪ್ಪಿ, ಬೇಡದವರಿಗೂ ಮದ್ದು ಹೋಗಿತ್ತು. ೨೦೨೦ರಲ್ಲಿ ಬಂದ ಇನ್ನೊಂದು ಪರೀಕ್ಷೆಯಲ್ಲಿ, ಅದರಲ್ಲಿಯೂ ಬೆಳಗಾವಿಯ ಪಾಲಿತ್ತು, ತಿಂಗಳನ್ನು ಸ್ಕ್ಯಾನಿಂಗಿನಿಂದ ಖಚಿತಮಾಡಿಕೊಂಡು, ಕೂಸನ್ನು ನೋಡಿಕೊಳ್ಳಬಲ್ಲ ಆಸ್ಪತ್ರೆಗಳಲ್ಲಿ ಕೊಟ್ಟರು. ಮದ್ದು ಪಡೆದ ತಾಯಂದಿರ ಶಿಶುಗಳಲ್ಲಿ ನೂರಕ್ಕೆ ೧೯.೬, ಪಡೆಯದವರಲ್ಲಿ ೨೩.೫ ತೀರಿಕೊಂಡವು. ಬೆರಳು ಮಡಿಚಿ ಎಣಿಸುವ ಲೆಕ್ಕಕ್ಕೂ ಸರಿಯಾದ ಲೆಕ್ಕಕ್ಕೂ ಇರುವ ವ್ಯತ್ಯಾಸ ಇದರಲ್ಲಿ ಎಷ್ಟು ಪಾಲೆಂಬುದನ್ನು ವಾಚಕರೇ ಊಹಿಸಲಿ.

ಕಳೆದ ದೀಪಾವಳಿಯ ರಜೆಯಲ್ಲಿ ಅಕ್ಕ ಬಚ್ಚಲಿನ ಬಳಿ ಅಂಟುವಾಳ ಕಿವುಚುತ್ತಿದ್ದಳು. ಈ ಲೇಖನಕ್ಕಾಗಿ ಓದಿದ್ದನ್ನು ನಾನು ಅವಳಿಗೆ ಆ ನೊರೆಯನ್ನೇ ತೋರಿಸಿ ಹೇಳಿದೆ: ಮೊದಲಿನ ಕೂಸಿನ ಎದೆಯಲ್ಲಿ ಇದು ಇನ್ನೂ ಬಂದಿರಲಿಲ್ಲ; ಬೇಗ ಹೆರಿಗೆಯಾಗುವುದಕ್ಕೆ ಎಷ್ಟೋ ಸಲ ವೈದ್ಯರಿಗೂ ಕಾರಣ ಸಿಗುವುದಿಲ್ಲ; ಹುಟ್ಟಿದ ಮೇಲೆ ಅದಕ್ಕೆ ಬೇಕಾದದ್ದು ಸಿಗಲಿಲ್ಲ. ಅವಳು ಕೈಯಲ್ಲಿದ್ದ ನೊರೆಯನ್ನು ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಬಸ್ಸಿನಿಂದ ಅಲ್ಲವಾ?” ಎಂದು ಕೇಳಿದಳು. ಅಲ್ಲವೆಂದೆ. ಮಗುವಿನ ತಲೆಗೆ ನೀರು ಹೊಯ್ಯುವ ಮೊದಲು ಇನ್ನೊಂದು ಸಲ ಅದನ್ನೇ ಕೇಳಿದಳು.